ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್ ಮಾಸ್ಟರ್ಸ್: ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಕೈಗೆ ಬರುತ್ತದೆ?

ಪ್ಯಾರಾಫಿನ್ ಬ್ಲಾಕ್:

ಓದಿದ್ದು ಬಿಎಸ್ಸಿ ಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ), ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ. ಈಗ ಇರುವುದು ಅಮೆರಿಕದಲ್ಲಿ, ಗ್ರೀನ್ ಕಾರ್ಡ್ ಇದೆ. ಅಮೆರಿಕದ ಪ್ಯಾಥಾಲಜಿ ಸಂಘವಾದ ಎಎಸ್‌ಸಿಪಿಯ ಎಚ್‌ಟಿಎಲ್ (ಹಿಸ್ಟೊಟೆಕ್ನಾಲಜಿಸ್ಟ್) ಸರ್ಟಿಫಿಕೇಟ್, ಅಂಗಾಂಶದ ಸ್ಲೈಡ್ ತಯಾರಿಸುವ ಹಿಸ್ಟಾಲಜಿ ಲ್ಯಾಬ್‌ನಲ್ಲಿ ಗಂಟೆಗೆ 34 ಡಾಲರ್. ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್ (ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶವನ್ನು ಪ್ಯಾಥಾಲಜಿಸ್ಟ್‌ಗಾಗಿ ಪರೀಕ್ಷಿಸಿ ಕತ್ತರಿಸುವವರು) ಕೋರ್ಸಿಗೆ ಎರಡು ಕಡೆ ಸೀಟು ಸಿಗುವ ಹಾಗಿದೆ. ಒಂದು ಸರ್ಕಾರಿ ವಿ.ವಿ., ರಾಜ್ಯದ ನಿವಾಸಿ ದರದಲ್ಲಿ ಎರಡು ವರ್ಷಕ್ಕೆ ಶುಲ್ಕವೆಲ್ಲ ಸೇರಿ 45,000 ಡಾಲರ್. ಇನ್ನೊಂದು ಖಾಸಗಿ, ಹೆಸರು ದೊಡ್ಡದು, 85,000. ಕೆಲಸ ಬಿಟ್ಟು ಓದಬೇಕು. 2026ರ ಶರತ್ಕಾಲಕ್ಕೆ ಸೇರುವುದು. ಹೆಚ್ಚಿನ ಸಂಬಳ ಈ ಖರ್ಚನ್ನು ಹೊರುತ್ತದೆಯೇ? ಲೆಕ್ಕ ಹಾಕುವ ಕ್ರಮ ತಿಳಿದವರು ಬರೆಯಿರಿ.

ಗ್ರಾಸಿಂಗ್ ಮೇಜು:

ಮೊದಲು ಸಂಬಳದ ಅಂಕಿ ಎಲ್ಲಿಂದ ತೆಗೆದುಕೊಂಡಿರಿ ನೋಡಿಕೊಳ್ಳಿ. ಅಂತರ್ಜಾಲದ ಸಂಬಳ ತಾಣಗಳು ಫಿಸಿಶಿಯನ್ ಅಸಿಸ್ಟೆಂಟ್ (ರೋಗಿಗಳನ್ನು ನೋಡುವ ವೈದ್ಯರ ಸಹಾಯಕರು, ಬೇರೆಯೇ ವೃತ್ತಿ) ಅಂಕಿಯನ್ನು ನಮ್ಮ ವೃತ್ತಿಗೆ ಅಂಟಿಸಿಬಿಡುತ್ತವೆ. ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ನಮಗೆ ಸ್ವಂತ ಸಾಲೇ ಇಲ್ಲ. 2023ರ ಮೇ ಅಂಕಿಯಲ್ಲಿ ಫಿಸಿಶಿಯನ್ ಅಸಿಸ್ಟೆಂಟ್‌ಗಳ ಮಧ್ಯಮ ಸಂಬಳ 1,30,020 ಡಾಲರ್, ಲ್ಯಾಬ್ ಟೆಕ್ನಾಲಜಿಸ್ಟ್ ಮತ್ತು ಟೆಕ್ನಿಶಿಯನ್‌ಗಳದ್ದು 60,780. ಇವೆರಡೂ ನಿಮ್ಮ ಅಂಕಿಯಲ್ಲ.

ನಂಬಬಹುದಾದ ಮೂಲ ಎರಡು. ಒಂದು, ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್‌ಗಳ ಎಎಪಿಎ ಸಂಘ ತನ್ನ ಸದಸ್ಯರ ನಡುವೆ ನಡೆಸುವ ಸಂಬಳ ಸಮೀಕ್ಷೆ. ಎರಡು, ಉದ್ಯೋಗ ಜಾಹೀರಾತಿನಲ್ಲಿ ಸಂಬಳದ ಕನಿಷ್ಠ, ಗರಿಷ್ಠ ಬರೆಯಲೇಬೇಕೆಂಬ ಕಾನೂನಿರುವ ರಾಜ್ಯಗಳ ಜಾಹೀರಾತುಗಳು: ಕೊಲರಾಡೋ, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ನ್ಯೂಯಾರ್ಕ್, 2025ರಿಂದ ಇಲಿನಾಯ್. ಇಪ್ಪತ್ತು ಮೂವತ್ತು ಜಾಹೀರಾತುಗಳ ಕನಿಷ್ಠ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು ನಡುವಿನದನ್ನು ಹಿಡಿಯಿರಿ. ಗರಿಷ್ಠ ಅಂಕಿ ಹದಿನೈದು ವರ್ಷ ಕತ್ತರಿಸಿದವರಿಗೆ. ಹೊಸಬರಿಗೆ ಅದು ಸಿಗುವುದಿಲ್ಲ. ಈ ಚರ್ಚೆಗೆ ಆರಂಭದ ಸಂಬಳ 1,00,000 ಎಂದು ಹಿಡಿಯೋಣ. ನಿಮ್ಮ ಊರಿನ ಅಂಕಿ ಸಿಕ್ಕ ಮೇಲೆ ಬದಲಿಸಿಕೊಳ್ಳಿ.

ಸಣ್ಣ ಉಳಿತಾಯ:

ನೇರ ಲೆಕ್ಕ ಇಷ್ಟು. ಶುಲ್ಕ 85,000, ಎರಡು ವರ್ಷದ ಬಾಡಿಗೆ ಊಟ 48,000, ಬಿಟ್ಟ ಸಂಬಳ 1,41,000. ಒಟ್ಟು 2,74,000. ಸಂಬಳ ಏರುವುದು ವರ್ಷಕ್ಕೆ 29,000. ಒಂಬತ್ತು ವರ್ಷದ ಮೇಲಾಯಿತು.

ಲೆಡ್ಜರ್ ಪುಟ:

ಈ ಲೆಕ್ಕದಲ್ಲಿ ಎರಡು ಕಡೆ ಜಾರಿದೆ. ಬಾಡಿಗೆ ಊಟ ಕೆಲಸದಲ್ಲಿದ್ದರೂ ಇದ್ದದ್ದೇ. ಬಿಟ್ಟ ಸಂಬಳವನ್ನು ಪೂರ್ತಿ ಖರ್ಚಿಗೆ ಸೇರಿಸಿದ ಮೇಲೆ ಆ ಸಂಬಳದಿಂದಲೇ ಕಟ್ಟುತ್ತಿದ್ದ ಬಾಡಿಗೆಯನ್ನು ಮತ್ತೆ ಸೇರಿಸಿದರೆ ಒಂದೇ ದುಡ್ಡು ಎರಡು ಸಲ ಎಣಿಸಿದಂತೆ. ಓದಿನಿಂದಾಗಿ ಹೆಚ್ಚುವರಿಯಾಗಿ ಬರುವ ಖರ್ಚು ಮಾತ್ರ ಸೇರಬೇಕು. ಇನ್ನೊಂದು: ಬಿಟ್ಟ ಸಂಬಳವನ್ನೂ ಏರಿದ ಸಂಬಳವನ್ನೂ ತೆರಿಗೆ ಕಳೆದು ನೋಡಬೇಕು. ಸಾಲ ತೀರಿಸುವುದು ಕೈಗೆ ಬಂದ ದುಡ್ಡಿನಿಂದ.

ಒಂಟಿ ವ್ಯಕ್ತಿ, ಮಧ್ಯಮ ತೆರಿಗೆಯ ರಾಜ್ಯ ಎಂದಿಟ್ಟುಕೊಳ್ಳಿ. ಗಂಟೆಗೆ 34 ಎಂದರೆ ವರ್ಷಕ್ಕೆ 70,720. ಕೈಗೆ ಸುಮಾರು 55,000. ಒಂದು ಲಕ್ಷದ ಸಂಬಳದಲ್ಲಿ ಕೈಗೆ ಸುಮಾರು 74,000. ಅಂದರೆ ಡಿಗ್ರಿ ನಿಮಗೆ ತಂದುಕೊಡುವುದು ವರ್ಷಕ್ಕೆ 19,000. ಒಂದು ಲಕ್ಷವೂ ಅಲ್ಲ, 29,000ವೂ ಅಲ್ಲ.

ಖರ್ಚಿನ ಕಡೆ: ಬಿಟ್ಟ ಕೈಗಳಿಕೆ 1,10,000, ರೊಟೇಶನ್ (ಬೇರೆ ಬೇರೆ ಆಸ್ಪತ್ರೆಗಳಲ್ಲಿ ಸರದಿ ತರಬೇತಿ) ಓಡಾಟ ಮತ್ತು ಪರೀಕ್ಷೆಗೆ 8,000, ಶುಲ್ಕ ಬೇರೆ. ಸರ್ಕಾರಿ ವಿ.ವಿ.ಗೆ ಒಟ್ಟು 1,63,000, ಖಾಸಗಿಗೆ 2,03,000. 19,000ದಿಂದ ಭಾಗಿಸಿದರೆ ಮೊದಲನೆಯದು ಎಂಟೂವರೆ ವರ್ಷ, ಎರಡನೆಯದು ಹತ್ತೂ ಮುಕ್ಕಾಲು. ಬಡ್ಡಿ ಇನ್ನೂ ಸೇರಿಲ್ಲ, ನಿವೃತ್ತಿ ನಿಧಿಗೆ ಉದ್ಯೋಗದಾತರು ಸೇರಿಸುವ, ಎರಡು ವರ್ಷ ತಪ್ಪಿಹೋಗುವ ಪಾಲು ಕೂಡ ಸೇರಿಲ್ಲ.

ಇದೇ ಕೋರ್ಸಿಗೆ ಸಂಶೋಧನಾ ಲ್ಯಾಬ್‌ನಲ್ಲಿ 42,000ಕ್ಕೆ ದುಡಿಯುತ್ತಿರುವ ಹೊಸ ಪದವೀಧರ ಸೇರಿದರೆ ಚಿತ್ರವೇ ಬೇರೆ. ಅವರ ಕೈಗಳಿಕೆ ಸುಮಾರು 34,000. ಬಿಡುವುದು 68,000, ಗಳಿಸುವ ವ್ಯತ್ಯಾಸ ವರ್ಷಕ್ಕೆ 40,000. ಸರ್ಕಾರಿ ವಿ.ವಿ.ಯಲ್ಲಿ 1,21,000 ಖರ್ಚು ಮೂರು ವರ್ಷಕ್ಕೆ ಮರಳುತ್ತದೆ, ಖಾಸಗಿಯಲ್ಲಿ ನಾಲ್ಕು ವರ್ಷಕ್ಕೆ. ಡಿಗ್ರಿ ಲಾಭವೋ ನಷ್ಟವೋ ಎಂಬುದನ್ನು ಶಾಲೆಯ ಶುಲ್ಕಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಇವತ್ತು ನೀವು ಬಿಟ್ಟು ಹೋಗುವ ಸಂಬಳ. ಈಗಾಗಲೇ ಚೆನ್ನಾಗಿ ಗಳಿಸುತ್ತಿರುವ ಎಚ್‌ಟಿಎಲ್ ಮತ್ತು ಎಂಎಲ್‌ಎಸ್ (ಮೆಡಿಕಲ್ ಲ್ಯಾಬೊರೇಟರಿ ಸೈಂಟಿಸ್ಟ್) ಜನ ಇದನ್ನು ಗಮನಿಸುವುದೇ ಇಲ್ಲ.

ಪ್ಯಾರಾಫಿನ್ ಬ್ಲಾಕ್:

ಹಾಗಿದ್ದರೆ ನನ್ನಂಥವರು ಹೋಗಲೇಬಾರದೇ?

ಗ್ರಾಸಿಂಗ್ ಮೇಜು:

ಹೋಗಬಾರದು ಅಂತಲ್ಲ. ಮೂವತ್ತು ವರ್ಷದ ವೃತ್ತಿ ಮುಂದಿದ್ದರೆ ಎಂಟು ವರ್ಷ ಸಹಿಸಬಹುದು. ವಯಸ್ಸು ನಲವತ್ತೈದಾಗಿದ್ದರೆ ಕಷ್ಟ. ಆದರೆ ಅದಕ್ಕೆ ಮೊದಲು ಇನ್ನೊಂದು ದಾರಿಯ ಬೆಲೆ ನೋಡಿ. ಅಮೆರಿಕದ ಲ್ಯಾಬ್‌ಗಳ ಕೇಂದ್ರ ನಿಯಮವಾದ ಕ್ಲಿಯಾ ಪ್ರಕಾರ ಗ್ರಾಸಿಂಗ್ (ಅಂಗಾಂಶವನ್ನು ಕಣ್ಣಿಂದ ನೋಡಿ, ವಿವರ ಬರೆದು, ಕತ್ತರಿಸುವುದು) ಹೈ ಕಾಂಪ್ಲೆಕ್ಸಿಟಿ, ಅಂದರೆ ಹೆಚ್ಚು ಜಟಿಲ ಎಂದು ಗುರುತಿಸಿದ ಕೆಲಸ. ಅದಕ್ಕೆ ಬೇಕಾದ ಕನಿಷ್ಠ ಅರ್ಹತೆ ಅಸೋಸಿಯೇಟ್ ಡಿಗ್ರಿ ಅಥವಾ ಅದಕ್ಕೆ ಸಮನಾದ ಓದು. ವಿಜ್ಞಾನದ 24 ಸೆಮಿಸ್ಟರ್ ಗಂಟೆಗಳಲ್ಲಿ ರಸಾಯನ 6, ಜೀವಶಾಸ್ತ್ರ 6, ಉಳಿದ 12 ಇವೆರಡರಲ್ಲಿ ಅಥವಾ ಲ್ಯಾಬ್ ತಂತ್ರಜ್ಞಾನದಲ್ಲಿ. ನಿಮ್ಮ ಬಿಎಸ್ಸಿ ಎಂಎಲ್‌ಟಿ ಅಮೆರಿಕದ ಓದಿಗೆ ಎಷ್ಟು ಸಮ ಎಂದು ಹೇಳುವ ಮೌಲ್ಯಮಾಪನ ವರದಿ ಕೋರ್ಸುವಾರು ಆಗಿದ್ದರೆ ಇದು ಸುಲಭವಾಗಿ ತುಂಬುತ್ತದೆ. ಹೀಗಾಗಿ ಅನೇಕ ಲ್ಯಾಬ್‌ಗಳು ಎಚ್‌ಟಿಎಲ್‌ಗಳಿಗೆ ಬಯಾಪ್ಸಿ, ಚರ್ಮ, ಗಾಲ್‌ಬ್ಲಾಡರ್, ಅಪೆಂಡಿಕ್ಸ್ ಕತ್ತರಿಸಲು ಕಲಿಸುತ್ತವೆ. ಗಂಟೆಗೆ ಎರಡು ಮೂರು ಡಾಲರ್ ಏರಿಕೆ ಕೇಳಬಹುದು, ಖರ್ಚು ಸೊನ್ನೆ.

ಅದರ ಮಿತಿಯೂ ಇಲ್ಲಿಯೇ ಇದೆ. ವಿಪಲ್ (ಮೇದೋಜೀರಕದ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗ), ಸ್ತನದ ಮಾಸ್ಟೆಕ್ಟಮಿ, ಕೊಲೊನ್ (ದೊಡ್ಡ ಕರುಳು) ಕ್ಯಾನ್ಸರ್, ಗಂಟಲಿನ ದೊಡ್ಡ ರಿಸೆಕ್ಷನ್ ನಿಮ್ಮ ಮೇಜಿಗೆ ಬರುವುದಿಲ್ಲ. ಕೊಲೊನ್‌ನಲ್ಲಿ ಕನಿಷ್ಠ 12 ಲಿಂಫ್ ನೋಡ್ ಹುಡುಕಬೇಕು, ಸ್ತನದ ಅಂಗಾಂಶ ಹೊರಬಂದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹೋಗಿ 6ರಿಂದ 72 ಗಂಟೆ ಅದರಲ್ಲಿರಬೇಕು, ಫ್ರೋಜನ್‌ಗೆ (ಆಪರೇಶನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡುವ ಪರೀಕ್ಷೆ) 20 ನಿಮಿಷದಲ್ಲಿ ಆಪರೇಶನ್ ಕೊಠಡಿಗೆ ಉತ್ತರ ಕೊಡಬೇಕು. ಮಾರ್ಜಿನ್‌ಗೆ (ಕತ್ತರಿಸಿದ ಅಂಚಿಗೆ) ಇಂಕ್ ತಪ್ಪಿ ಬಳಿದರೆ, ತುಂಡಿನ ದಿಕ್ಕು ಕಳೆದರೆ, ಆಮೇಲೆ ಯಾರೂ ಸರಿಪಡಿಸಲಾಗುವುದಿಲ್ಲ. ಸಂಬಳ ಏರುವುದು ಈ ಹೊಣೆಗೆ. 2008ರ ನಂತರ ಎಎಸ್‌ಸಿಪಿಯ ಪಿಎ (ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್) ಪರೀಕ್ಷೆಗೆ ಕೂರಲು ಲ್ಯಾಬ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ನ್ಯಾಕಲ್ಸ್ ಸಂಸ್ಥೆಯ ಮಾನ್ಯತೆ ಇರುವ ಕೋರ್ಸ್ ಕಡ್ಡಾಯ. ಕೆಲಸದ ಅನುಭವದ ಮೇಲೆ ಪರೀಕ್ಷೆ ಬರೆಯುವ ಹಳೆಯ ದಾರಿ ಮುಚ್ಚಿದೆ. ಎಷ್ಟು ವರ್ಷ ಬಯಾಪ್ಸಿ ಕತ್ತರಿಸಿದರೂ ಆ ಸರ್ಟಿಫಿಕೇಟ್ ಸಿಗದು.

ಆದ್ದರಿಂದ ಹೋಲಿಸಬೇಕಾದದ್ದು 34 ಡಾಲರಿನ ಜೊತೆಯಲ್ಲ. ಗ್ರಾಸಿಂಗ್ ಕಲಿತು ಲೀಡ್ (ತಂಡದ ಮುಖ್ಯಸ್ಥ) ಆದರೆ 38–40 ಸಿಗುವ ಸಾಧ್ಯತೆ ನಿಮ್ಮ ಲ್ಯಾಬ್‌ನಲ್ಲಿದ್ದರೆ ಅದರ ಜೊತೆ ಹೋಲಿಸಿ. ಆಗ ವ್ಯತ್ಯಾಸ ಇನ್ನೂ ಕುಗ್ಗುತ್ತದೆ.

ಕ್ರಯೋಸ್ಟಾಟ್:

ಶಾಲೆಯ ಹೆಸರಿನ ವಿಷಯ. ಈ ಪುಟ್ಟ ವೃತ್ತಿಯಲ್ಲಿ ಹೆಸರಿಗೆ 40,000 ಡಾಲರ್ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ತರಬೇತಿ ಶುರುವಾದದ್ದು 1969ರಲ್ಲಿ ಡ್ಯೂಕ್‌ನಲ್ಲಿ. ಈಗ ಕ್ವಿನಿಪಿಯಾಕ್, ಡ್ರೆಕ್ಸೆಲ್, ರೋಸಲಿಂಡ್ ಫ್ರಾಂಕ್ಲಿನ್, ಲೋಮಾ ಲಿಂಡಾದಂಥ ಖಾಸಗಿ ಸಂಸ್ಥೆಗಳೂ ಇವೆ, ವೇಯ್ನ್ ಸ್ಟೇಟ್, ವೆಸ್ಟ್ ವರ್ಜೀನಿಯಾ, ಇಂಡಿಯಾನಾ, ಮೇರಿಲ್ಯಾಂಡ್‌ನಂಥ ಸರ್ಕಾರಿ ವಿ.ವಿ.ಗಳೂ ಇವೆ. ಎಲ್ಲರೂ ಬರೆಯುವುದು ಒಂದೇ ಪರೀಕ್ಷೆ: 100 ಪ್ರಶ್ನೆ, ಎರಡೂವರೆ ಗಂಟೆ, 999ರ ಮಾಪನದಲ್ಲಿ 400 ಬಂದರೆ ಪಾಸ್. ಹೆಸರಿನ ಪಕ್ಕ ಬರುವ ಅಕ್ಷರಗಳೂ ಅವೇ. ಆಸ್ಪತ್ರೆಯ ಸಂಬಳ ಶ್ರೇಣಿಯಲ್ಲಿ ಶಾಲೆಗೊಂದು ಕಾಲಂ ಇರುವುದಿಲ್ಲ.

ಹೆಸರಿಗಿಂತ ರೊಟೇಶನ್ ಪಟ್ಟಿಗೆ ಬೆಲೆ ಹೆಚ್ಚು, ಏಕೆಂದರೆ ಮೊದಲ ಕೆಲಸ ಬಹುಪಾಲು ಅಲ್ಲಿಂದಲೇ ಬರುತ್ತದೆ. ಎರಡೂ ಕಡೆಗೆ ಕೇಳಬೇಕಾದ ಪ್ರಶ್ನೆಗಳು: ಕಳೆದ ಮೂರು ವರ್ಷದಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಮೊದಲ ಯತ್ನದಲ್ಲೇ ಪಾಸಾದವರು ಎಷ್ಟು, ಆರು ತಿಂಗಳಲ್ಲಿ ಕೆಲಸ ಸಿಕ್ಕವರು ಎಷ್ಟು? ಮಾನ್ಯತೆಯ ಭಾಗವಾಗಿ ಇಂಥ ಅಂಕಿಗಳನ್ನು ಅವರು ಇಟ್ಟಿರುತ್ತಾರೆ. ಕೊಡಲು ಹಿಂಜರಿದರೆ ಅದನ್ನೇ ಉತ್ತರ ಎಂದುಕೊಳ್ಳಿ. ಎರಡನೇ ವರ್ಷದ ರೊಟೇಶನ್‌ಗಳು ಎಷ್ಟು ಊರುಗಳಲ್ಲಿ, ವಸತಿ ಯಾರ ಖರ್ಚು? ಫೊರೆನ್ಸಿಕ್ ಮತ್ತು ಮಕ್ಕಳ ಪ್ಯಾಥಾಲಜಿ ರೊಟೇಶನ್ ಬೇರೆ ರಾಜ್ಯದಲ್ಲಿದ್ದರೆ ಒಂದೇ ತಿಂಗಳಿಗೆ ಎರಡು ಬಾಡಿಗೆ ಕಟ್ಟಬೇಕಾಗುತ್ತದೆ, ಕಾರು ಬೇಕೇ ಬೇಕು. ಲೆಡ್ಜರ್ ಅವರು ಹಿಡಿದ 8,000ದ ಮುಕ್ಕಾಲು ಭಾಗ ಹೋಗುವುದು ಇಲ್ಲಿಗೇ. ಉಳಿದದ್ದು ಲಸಿಕೆ, ಹಿನ್ನೆಲೆ ತಪಾಸಣೆ, ಡ್ರಗ್ ಪರೀಕ್ಷೆ, ಸಂಘದ ಸದಸ್ಯತ್ವ, ಪರೀಕ್ಷಾ ಶುಲ್ಕ.

ಹೊಸದಾಗಿ ಶುರುವಾದ ಕೋರ್ಸ್ ಆಗಿದ್ದರೆ, ನೀವು ಮುಗಿಸುವ ದಿನಕ್ಕೆ ಮಾನ್ಯತೆ ಸಿಗದಿದ್ದರೆ ಪರೀಕ್ಷೆಯ ಅರ್ಹತೆ ಏನಾಗುತ್ತದೆ ಎಂದು ಬರಹದಲ್ಲಿ ಕೇಳಿ. ಆನ್‌ಲೈನ್‌ನಲ್ಲಿ ಪ್ಯಾಥಾಲಜಿ ಅಸಿಸ್ಟೆಂಟ್ ಸರ್ಟಿಫಿಕೇಟ್ ಎಂದು ಮಾರುವವುಗಳ ಕಡೆ ತಿರುಗಿಯೂ ನೋಡಬೇಡಿ.

ಹುಬ್ಬಳ್ಳಿ ಸ್ಲೈಡ್:

ಸಾಲದ ವಿಷಯ ಯಾರಾದರೂ ಬಿಡಿಸಿ ಹೇಳಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುತ್ತಿದ್ದ ಗ್ರಾಡ್ ಪ್ಲಸ್ ಸಾಲ ನಿಂತುಹೋಯಿತು ಅಂತಾರಲ್ಲ?

ಲೆಡ್ಜರ್ ಪುಟ:

ಹೌದು. 2025ರ ಜುಲೈ 4ರಂದು ಸಹಿಯಾದ ಕಾನೂನು 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರಾಡ್ ಪ್ಲಸ್ ನಿಲ್ಲಿಸುತ್ತದೆ. ಮೊದಲು ಶಾಲೆ ಹೇಳಿದ ಪೂರ್ತಿ ವೆಚ್ಚಕ್ಕೆ ಸರ್ಕಾರದಿಂದಲೇ ಸಾಲ ಸಿಗುತ್ತಿತ್ತು. ಇನ್ನು ಸಾಮಾನ್ಯ ಮಾಸ್ಟರ್ಸ್‌ಗೆ ವರ್ಷಕ್ಕೆ 20,500, ಒಟ್ಟು ಒಂದು ಲಕ್ಷ. ವೃತ್ತಿಪರ ಪದವಿಗಳಿಗೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. ಆ ಪಟ್ಟಿ ವೈದ್ಯಕೀಯ, ದಂತ, ಕಾನೂನು, ಫಾರ್ಮಸಿಯಂಥವುಗಳ ಸುತ್ತ ಕಟ್ಟಿದ್ದು. ನಿಮ್ಮ ಯೋಜನೆ 20,500ರ ಮೇಲೇ ನಿಲ್ಲಲಿ.

ಅಂದರೆ ಎರಡು ವರ್ಷಕ್ಕೆ 41,000. ಸರ್ಕಾರಿ ವಿ.ವಿ.ಯ 45,000 ಶುಲ್ಕ ಹೆಚ್ಚುಕಡಿಮೆ ಇದರಲ್ಲೇ ಮುಗಿಯುತ್ತದೆ, ಊಟ ಬಾಡಿಗೆಗೆ ಉಳಿತಾಯ ಬೇಕು. ಖಾಸಗಿಯ 85,000ದಲ್ಲಿ 44,000 ಕೊರತೆ, ಅದು ಖಾಸಗಿ ಬ್ಯಾಂಕಿನ ಸಾಲ. ಎರಡು ಶಾಲೆಗಳ ನಡುವಿನ ನಿಜವಾದ ಅಂತರ ಇಲ್ಲಿದೆ. 2025–26ರ ಸಾಲಿನಲ್ಲಿ ಸರ್ಕಾರಿ ಸಾಲದ ಬಡ್ಡಿ 7.94%, ಹತ್ತು ವರ್ಷದ ಕಂತಿನಲ್ಲಿ ಪ್ರತಿ 10,000ಕ್ಕೆ ತಿಂಗಳಿಗೆ 121 ಡಾಲರ್. ಖಾಸಗಿ ಸಾಲ 12%ಗೆ ಸಿಕ್ಕಿತು ಎಂದುಕೊಂಡರೆ ಅದೇ 10,000ಕ್ಕೆ 143. ಬಡ್ಡಿ ಬದಲಾಗುವ ಖಾಸಗಿ ಸಾಲ ಬೇಡ. ಸರ್ಕಾರಿ ಸಾಲದಲ್ಲಿ ಇರುವ ಆದಾಯಾಧಾರಿತ ಕಂತು, ಸಾವಿನ ನಂತರದ ಮನ್ನಾ, ಇವು ಖಾಸಗಿಯಲ್ಲಿ ಇರುತ್ತವೆ ಎಂಬ ಭರವಸೆಯಿಲ್ಲ.

ಓದುವಾಗಲೂ ಬಡ್ಡಿ ಓಡುತ್ತಿರುತ್ತದೆ. 41,000ದ ಮೇಲೆ, ಮುಗಿದ ನಂತರದ ಆರು ತಿಂಗಳ ವಿನಾಯಿತಿಯೂ ಸೇರಿ, ಮೊದಲ ಕಂತಿನ ಹೊತ್ತಿಗೆ ಐದೂವರೆಯಿಂದ ಆರು ಸಾವಿರ ಬಡ್ಡಿ ಕೂಡಿರುತ್ತದೆ. ಸಾಲ 47,000 ಎಂದೇ ಹಿಡಿಯಿರಿ. ಹೊಸ ಕಾನೂನಿನ ನಿಗದಿತ ಕಂತಿನಲ್ಲಿ 25,000ದಿಂದ 50,000ದವರೆಗಿನ ಸಾಲಕ್ಕೆ 15 ವರ್ಷ, ತಿಂಗಳಿಗೆ ಸುಮಾರು 448. ಹತ್ತು ವರ್ಷದ ವೇಗದಲ್ಲಿ ಕಟ್ಟಿದರೆ 569. ಮುಂಚೆಯೇ ಕಟ್ಟಿದರೆ ದಂಡವಿಲ್ಲ, ಆದ್ದರಿಂದ 15 ವರ್ಷದ್ದನ್ನು ತೆಗೆದುಕೊಂಡು 569 ಕಟ್ಟುತ್ತಾ ಹೋಗಿ; ಕೆಲಸ ಹೋದ ತಿಂಗಳು 448ಕ್ಕೆ ಇಳಿಸಬಹುದು.

ಸಣ್ಣ ಉಳಿತಾಯ:

ಲಾಭರಹಿತ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದು ಕಂತು ಕಟ್ಟಿದರೆ ಉಳಿದ ಸಾಲ ಬಿಟ್ಟುಬಿಡುವ ಪಿಎಸ್‌ಎಲ್‌ಎಫ್ ಮನ್ನಾ ಇದೆಯಲ್ಲ? ಅದನ್ನು ನೆಚ್ಚಿಕೊಂಡು ಖಾಸಗಿಗೆ ಹೋಗಬಹುದಲ್ಲವೇ?

ಲೆಡ್ಜರ್ ಪುಟ:

ಮನ್ನಾ ಆಗುವುದು ಸರ್ಕಾರಿ ಸಾಲ ಮಾತ್ರ. ಹೆಚ್ಚುವರಿ 44,000 ಇರುವುದು ಬ್ಯಾಂಕಿನಲ್ಲಿ, ಅದಕ್ಕೆ ಮನ್ನಾ ಇಲ್ಲ. ಸರ್ಕಾರಿ ಭಾಗಕ್ಕೂ ಅದು ಉಪಯೋಗಕ್ಕೆ ಬರುವುದಿಲ್ಲ. ಹೊಸ ಆದಾಯಾಧಾರಿತ ಯೋಜನೆಯಾದ ಆರ್‌ಎಪಿಯಲ್ಲಿ ಹೊಂದಾಣಿಕೆಯ ಆದಾಯ 90,000ದಿಂದ ಒಂದು ಲಕ್ಷದ ನಡುವೆ ಇದ್ದರೆ 9% ಕಟ್ಟಬೇಕು, ದಾಟಿದರೆ 10%. 95,000 ಆದಾಯಕ್ಕೆ ತಿಂಗಳಿಗೆ 712. ಹತ್ತು ವರ್ಷದ ಕಂತೇ 569 ಇರುವಾಗ 712 ಕಟ್ಟುತ್ತಾ ಹೋದರೆ 120ನೇ ಕಂತು ಬರುವ ಮೊದಲೇ ಸಾಲ ತೀರಿರುತ್ತದೆ, ಮನ್ನಾ ಮಾಡಲು ಏನೂ ಉಳಿದಿರುವುದಿಲ್ಲ. ಹಿಂದೆ ಒಂದೂವರೆ ಲಕ್ಷ ಗ್ರಾಡ್ ಪ್ಲಸ್ ಎತ್ತಿದವರಿಗೆ ಪಿಎಸ್‌ಎಲ್‌ಎಫ್ ದೊಡ್ಡ ಆಸರೆಯಾಗಿತ್ತು. ಅವರ ಸಲಹೆಯನ್ನು 2026ರಲ್ಲಿ ಸೇರುವವರು ಹಾಗೆಯೇ ತೆಗೆದುಕೊಳ್ಳಬಾರದು.

ಮನ್ನಾಕ್ಕಿಂತ ಉದ್ಯೋಗದಾತರ ನೆರವು ಕೇಳಿ. ವರ್ಷಕ್ಕೆ 5,250 ಡಾಲರ್‌ವರೆಗೆ ಉದ್ಯೋಗದಾತರು ಶುಲ್ಕಕ್ಕಾಗಲಿ, ಹಳೆಯ ವಿದ್ಯಾರ್ಥಿ ಸಾಲಕ್ಕಾಗಲಿ ಕಟ್ಟಿದರೆ ನಿಮಗೆ ಆದಾಯ ತೆರಿಗೆ ಬೀಳದು. 2025ರ ಕಾನೂನು ಸಾಲದ ಭಾಗವನ್ನೂ ಖಾಯಂ ಮಾಡಿದೆ.

ಗ್ರಾಸಿಂಗ್ ಮೇಜು:

ಕೆಲಸದ ಪತ್ರ ಬಂದಾಗ ನೋಡಬೇಕಾದ್ದು ಒಂದೆರಡು, ಏಕೆಂದರೆ ಲೆಡ್ಜರ್ ಅವರ 19,000 ಇಲ್ಲಿ ಹತ್ತು ಸಾವಿರ ಮೇಲೆ ಕೆಳಗೆ ಆಗಬಹುದು. ಗಂಟೆ ಲೆಕ್ಕವೋ ತಿಂಗಳ ಸಂಬಳವೋ ಮೊದಲು ಕೇಳಿ. 1,05,000 ನಿಗದಿತ ಸಂಬಳಕ್ಕೆ ವಾರಕ್ಕೆ 50 ಗಂಟೆ ಕತ್ತರಿಸಿದರೆ ಗಂಟೆಗೆ ಬೀಳುವುದು 40 ಡಾಲರ್. ಗಂಟೆಗೆ 48ರ ಕೆಲಸ ನೋಡಲು 99,840 ಮಾತ್ರ, ಆದರೆ ಅದೇ ಹೆಚ್ಚುವರಿ ಹತ್ತು ಗಂಟೆಗೆ ಒಂದೂವರೆ ಪಟ್ಟು ಸಿಕ್ಕರೆ ವರ್ಷಕ್ಕೆ ಇನ್ನೂ 37,000 ಸೇರುತ್ತದೆ. ಪ್ಯಾಥ್ ವಿಭಾಗದಲ್ಲಿ ಕೆಲಸ ಮುಗಿಯುವುದು ಕೊನೆಯ ಆಪರೇಶನ್ ಮುಗಿದ ಮೇಲೆ. ಐದು ಗಂಟೆಗೆ ಬರುವ ವಿಪಲ್ ನಾಳೆಗೆ ಕಾಯಬಹುದು, ಐದು ಗಂಟೆಯ ಫ್ರೋಜನ್ ಕಾಯುವುದಿಲ್ಲ.

ಸೈನ್ ಆನ್ ಬೋನಸ್ (ಕೆಲಸಕ್ಕೆ ಸೇರುವಾಗ ಕೊಡುವ ಹಣ) ಇದ್ದರೆ ಹಿಂತಿರುಗಿಸುವ ಷರತ್ತು ಓದಿ. 10,000 ಕೊಟ್ಟಾಗ ಕೇಂದ್ರ ತೆರಿಗೆಗೆ ಮಾತ್ರ 22% ಹಿಡಿಯುತ್ತಾರೆ. ಅವಧಿಗೆ ಮುಂಚೆ ಬಿಟ್ಟರೆ ಕೈಗೆ ಬಂದಷ್ಟನ್ನು ಕೇಳುತ್ತಾರೋ ಪೂರ್ತಿ 10,000ವನ್ನೋ, ತಿಂಗಳ ಲೆಕ್ಕದಲ್ಲಿ ಇಳಿಯುತ್ತದೋ ಇಲ್ಲವೋ, ಇದು ಪತ್ರದಲ್ಲೇ ಬರೆದಿರಬೇಕು. ಆನ್ ಕಾಲ್ (ಕರೆದರೆ ಬರುವ ಸರದಿ) ದರ, ಶನಿವಾರದ ಸರದಿ, ಮರಣೋತ್ತರ ಪರೀಕ್ಷೆಗೆ ಪ್ರತ್ಯೇಕ ಹಣ, ಇವನ್ನೂ ಕೇಳಿ.

ಈ ವೃತ್ತಿಯಲ್ಲಿ ಸಂಬಳ ಎತ್ತರದಲ್ಲಿ ಶುರುವಾಗಿ ನಿಧಾನವಾಗಿ ಏರುತ್ತದೆ. ಮೇಲೆ ಇರುವ ಮೆಟ್ಟಿಲು ಲೀಡ್, ಮೇಲ್ವಿಚಾರಕ, ವ್ಯವಸ್ಥಾಪಕ, ಅಷ್ಟೇ. ಪ್ಯಾಥಾಲಜಿಸ್ಟ್ಸ್ ಅಸಿಸ್ಟೆಂಟ್ ಸ್ವಂತ ಹೆಸರಿನಲ್ಲಿ ಮೆಡಿಕೇರ್‌ಗೆ (ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ) ಬಿಲ್ ಹಾಕಲಾಗುವುದಿಲ್ಲ. ನೀವು ಕತ್ತರಿಸಿದ್ದು ಲ್ಯಾಬ್‌ನ 88300ರಿಂದ 88309ರವರೆಗಿನ ಬಿಲ್ ಸಂಕೇತಗಳ ಒಳಗೇ ಸೇರಿಹೋಗುತ್ತದೆ. ಆ ದರ ಇಳಿದರೆ ಲ್ಯಾಬ್‌ನ ಸಂಬಳದ ಶಕ್ತಿಯೂ ಇಳಿಯುತ್ತದೆ. 2013ರಲ್ಲಿ ಮೆಡಿಕೇರ್ ಹೆಚ್ಚಿನ ಬಯಾಪ್ಸಿಗಳ ಸಂಕೇತವಾದ 88305ರ ತಾಂತ್ರಿಕ ಭಾಗವನ್ನು ಒಮ್ಮೆಲೇ 52% ಕಡಿತ ಮಾಡಿತು. ಬಯಾಪ್ಸಿಯನ್ನೇ ನೆಚ್ಚಿದ ಖಾಸಗಿ ಲ್ಯಾಬ್‌ಗಳಿಗೆ ಇಂಥ ಪೆಟ್ಟು ಹೆಚ್ಚು, ದೊಡ್ಡ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಆಸ್ಪತ್ರೆಗಳಿಗೆ ಕಡಿಮೆ.

ಹುಬ್ಬಳ್ಳಿ ಸ್ಲೈಡ್:

ಭಾರತದಿಂದ ಎಫ್-1 ವೀಸಾದಲ್ಲಿ ಬಂದು ಓದುವವರಿಗೆ ಇದೇ ಲೆಕ್ಕ ಹೊಂದುತ್ತದೆಯೇ? ಬೆಂಗಳೂರಿನ ಡಯಾಗ್ನೋಸ್ಟಿಕ್ ಲ್ಯಾಬ್ ಸಂಬಳದಲ್ಲಿರುವವರು ತುಂಬಾ ಜನ ಕೇಳುತ್ತಾರೆ. ಬಿಟ್ಟು ಬರುವ ಸಂಬಳ ಕಡಿಮೆ, ಹಾಗಾಗಿ ಬೇಗ ಮರಳಬೇಕಲ್ಲ?

ವೀಸಾ ಕಡತ:

ಹೊಂದುವುದಿಲ್ಲ. ಮೇಲಿನ ಲೆಕ್ಕ ಒಂದು ಊಹೆಯ ಮೇಲೆ ನಿಂತಿದೆ: ಮುಗಿಸಿದ ಮೇಲೆ ಹತ್ತು ವರ್ಷ ಅಮೆರಿಕದಲ್ಲಿ ದುಡಿಯಲು ಬಿಡುತ್ತಾರೆ ಎಂಬ ಊಹೆ. ಅದನ್ನು ತೆಗೆದು ನೋಡಿ.

ಇಲ್ಲಿ ಊಟ ಬಾಡಿಗೆಯನ್ನೂ ಸೇರಿಸಲೇಬೇಕು, ಏಕೆಂದರೆ ಬೆಂಗಳೂರಿನ ಖರ್ಚಿಗೂ ಇಲ್ಲಿನ ಖರ್ಚಿಗೂ ಸಂಬಂಧವಿಲ್ಲ. ಹೊರರಾಜ್ಯದ ದರದಲ್ಲಿ ಶುಲ್ಕ 70,000, 24 ತಿಂಗಳು ತಲಾ 1,700ರಂತೆ 40,800, ಆರೋಗ್ಯ ವಿಮೆ 6,000, ರೊಟೇಶನ್ ಓಡಾಟ 8,000. ಸುಮಾರು 1,25,000 ಡಾಲರ್. ಡಾಲರ್‌ಗೆ 88 ರೂಪಾಯಿ ಹಿಡಿದರೆ 1.1 ಕೋಟಿ. 10.5% ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳ ಕಂತು ಒಂದು ಲಕ್ಷ 48 ಸಾವಿರದ ಆಸುಪಾಸು. ಅಮೆರಿಕದ ಸರ್ಕಾರಿ ಸಾಲ ಇವರಿಗೆ ಸಿಗದು. ಭಾರತದಲ್ಲಿ ಹಳೆಯ ತೆರಿಗೆ ಪದ್ಧತಿಯಲ್ಲಿರುವ ಪೋಷಕರ ಹೆಸರಿನಲ್ಲಿ ಸಾಲವಿದ್ದರೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಅದೊಂದು ಸಣ್ಣ ನೆರವು.

ಓದು ಮುಗಿದ ಮೇಲೆ ಒಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು. ಇನ್ನೆರಡು ವರ್ಷದ ವಿಸ್ತರಣೆ ಸಿಗುವುದು ಕೋರ್ಸಿನ ಸಿಐಪಿ (ಅಧ್ಯಯನ ವಿಷಯದ) ಸಂಕೇತ ಸ್ಟೆಮ್, ಅಂದರೆ ವಿಜ್ಞಾನ ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಮಾತ್ರ. ಈ ಕೋರ್ಸಿನ ಸಂಕೇತ 51.0811. ವೀಸಾಕ್ಕಾಗಿ ಕೊಡುವ ಐ-20 ಪತ್ರದಲ್ಲಿ ಶಾಲೆ ಯಾವ ಸಂಕೇತ ಹಾಕುತ್ತದೆ ಎಂದು ಮೊದಲೇ ಕೇಳಿ, ಹೋಮ್‌ಲ್ಯಾಂಡ್ ಸೆಕ್ಯುರಿಟಿಯ ಪಟ್ಟಿಯಲ್ಲಿ ನೀವೇ ಹುಡುಕಿ. ಕೈಯಲ್ಲಿ 12 ತಿಂಗಳು ಮಾತ್ರ ಎಂಬ ಆಧಾರದ ಮೇಲೇ ಯೋಚಿಸಿ. ಎಫ್-1ನಲ್ಲಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತವಿಲ್ಲ, ಹಾಗಾಗಿ ಒಂದು ಲಕ್ಷದ ಸಂಬಳದಲ್ಲಿ ಕೈಗೆ 81,000ದಷ್ಟು ಬರಬಹುದು. ತುಂಬಾ ಬಿಗಿಯಾಗಿ ಬದುಕಿದರೂ ಆ ವರ್ಷ 50,000 ತೀರಿಸಬಹುದು. ಆಮೇಲೆ ವೀಸಾ ಸಿಗದೆ ವಾಪಸಾದರೆ 75,000 ಡಾಲರ್, ಅಂದರೆ 66 ಲಕ್ಷ ಸಾಲ ತಲೆಯ ಮೇಲೆ. ಭಾರತದಲ್ಲಿ ಈ ಹುದ್ದೆಯೇ ಇಲ್ಲ. ಗ್ರಾಸಿಂಗ್ ಮಾಡುವವರು ಎಂಡಿ ಪ್ಯಾಥಾಲಜಿ ವಿದ್ಯಾರ್ಥಿಗಳು ಮತ್ತು ಪ್ಯಾಥಾಲಜಿಸ್ಟ್‌ಗಳೇ. ಈ ಮಾಸ್ಟರ್ಸ್‌ಗೆ ಅಲ್ಲಿ ಪ್ರತ್ಯೇಕ ಸಂಬಳವಿಲ್ಲ.

ಎಚ್-1ಬಿ (ಉದ್ಯೋಗ ವೀಸಾ) ದಾರಿಯಲ್ಲಿ ಒಂದು ಅನುಕೂಲ ಇದೆ, ಅದನ್ನೂ ಹೇಳಬೇಕು. ವಿ.ವಿ.ಗೆ ಸಂಯೋಜಿತವಾದ ಲಾಭರಹಿತ ಆಸ್ಪತ್ರೆಗಳು ಲಾಟರಿ ಮಿತಿಯ ಹೊರಗೆ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ನಮ್ಮ ಕೆಲಸ ಹೆಚ್ಚಾಗಿ ಇರುವುದೂ ಇಂಥ ಕಡೆ. 2025ರ ಸೆಪ್ಟೆಂಬರ್‌ನ ಒಂದು ಲಕ್ಷ ಡಾಲರಿನ ಶುಲ್ಕ ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಅರ್ಜಿಗಳಿಗೆ. ಅಮೆರಿಕದ ಒಳಗಿದ್ದು ಎಫ್-1ರಿಂದ ಸ್ಥಿತಿ ಬದಲಿಸುವವರಿಗೆ ಅದು ಅನ್ವಯಿಸದು ಎಂದು ಅದೇ ವರ್ಷದ ಅಕ್ಟೋಬರ್ ಮಾರ್ಗಸೂಚಿ ಹೇಳಿತು. ಹಾಗಾಗಿ ಅರ್ಜಿ ಬಾಕಿ ಇರುವಾಗ ಊರಿಗೆ ಹೋಗಿಬರುವ ಯೋಚನೆ ಬೇಡ, ಸ್ಥಿತಿ ಬದಲಾವಣೆಯ ಕೋರಿಕೆ ಬಿದ್ದುಹೋಗುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತದಲ್ಲಿ ಹುಟ್ಟಿದವರ ಸರದಿ ದಶಕಗಟ್ಟಲೆ. ಇಷ್ಟೆಲ್ಲದರ ನಡುವೆ ಮನೆ, ಜಮೀನು ಅಡವಿಟ್ಟು ಈ ಕೋರ್ಸಿಗೆ ಬರುವುದನ್ನು ನಾನು ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರಿಗೆ, ಕೆಲಸದ ಅನುಮತಿ ಗಟ್ಟಿಯಾಗಿರುವ ಸಂಗಾತಿಗಳಿಗೆ ಮಾತ್ರ ಇದು ಸರಿಹೊಂದುವ ಓದು.

ಕ್ರಯೋಸ್ಟಾಟ್:

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ಎರಡು ವರ್ಷ ಕೆಲಸ ಬಿಡುವ ಅಗತ್ಯವೇ ಇಲ್ಲ. ನೋಂದಾಯಿತ ಬಯೊಮೆಡಿಕಲ್ ಸೈಂಟಿಸ್ಟ್‌ಗಳು ಕೆಲಸದಲ್ಲಿದ್ದುಕೊಂಡೇ ತಮ್ಮ ವೃತ್ತಿ ಸಂಸ್ಥೆಯಾದ ಐಬಿಎಂಎಸ್‌ನ ಹಿಸ್ಟಲಾಜಿಕಲ್ ಡಿಸೆಕ್ಷನ್ (ಅಂಗಾಂಶ ಕತ್ತರಿಸುವ) ಡಿಪ್ಲೊಮಾ ಮಾಡಿ ಕತ್ತರಿಸುವ ಮೇಜಿಗೆ ಹೋಗುತ್ತಾರೆ. ಬಿಟ್ಟ ಸಂಬಳ ಎಂಬ ದೊಡ್ಡ ಅಂಕಿ ಅಲ್ಲಿ ಸೊನ್ನೆ.

ಸ್ಟೆಪ್ ಎರಡು:

ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ಪ್ಯಾಥಾಲಜಿ ರೆಸಿಡೆನ್ಸಿಗೆ (ತಜ್ಞ ವೈದ್ಯರಾಗುವ ತರಬೇತಿ) ಪ್ರಯತ್ನಿಸುತ್ತಿರುವವರು ನಡುವೆ ಈ ಕೋರ್ಸ್ ಮಾಡುವುದು ಜಾಣತನವೇ?

ಗ್ರಾಸಿಂಗ್ ಮೇಜು:

ರೆಸಿಡೆನ್ಸಿಯೇ ಗುರಿಯಾದರೆ ಬೇಡ. ಪ್ಯಾಥಾಲಜಿ ರೆಸಿಡೆನ್ಸಿ ವಿದೇಶಿ ಪದವೀಧರರನ್ನು ಗಣನೀಯ ಸಂಖ್ಯೆಯಲ್ಲಿ ತೆಗೆದುಕೊಳ್ಳುವ ವಿಭಾಗ. ಆದರೆ ಎಂಬಿಬಿಎಸ್ ಮುಗಿದು ವರ್ಷಗಳು ಹೆಚ್ಚಿದಂತೆ ಅರ್ಜಿ ಸೊರಗುತ್ತದೆ. ಎರಡು ವರ್ಷ ಮತ್ತು ಶುಲ್ಕ ಕಳೆದು ಸಿಗುವುದು ರೆಸಿಡೆನ್ಸಿಯಲ್ಲಿ ಹೇಗೂ ಕಲಿಸುವ ಗ್ರಾಸಿಂಗ್. ಅದರ ಬದಲು ಎಂಬಿಬಿಎಸ್ ಅಂಕಪಟ್ಟಿಯ ಕೋರ್ಸುವಾರು ಮೌಲ್ಯಮಾಪನ ಮಾಡಿಸಿ, ಕ್ಲಿಯಾ ಅರ್ಹತೆಯ ಮೇಲೆ ಗ್ರಾಸಿಂಗ್ ಹುದ್ದೆಗೆ ಅರ್ಜಿ ಹಾಕಿ. ಸಂಬಳ ಸರ್ಟಿಫಿಕೇಟ್ ಇದ್ದವರಿಗಿಂತ ಕಡಿಮೆ, ಆದರೆ ಪ್ಯಾಥಾಲಜಿಸ್ಟ್‌ಗಳ ಪಕ್ಕದಲ್ಲೇ ಕೆಲಸ, ಶಿಫಾರಸು ಪತ್ರ ಬರುವುದು ಅಲ್ಲಿಂದ. ರೆಸಿಡೆನ್ಸಿಯ ಆಸೆಯನ್ನು ಪೂರ್ತಿ ಬಿಟ್ಟವರು, ಗ್ರೀನ್ ಕಾರ್ಡ್ ಇರುವವರು ಮಾತ್ರ ಈ ಮಾಸ್ಟರ್ಸ್ ಯೋಚಿಸಲಿ. ಅವರಿಗೆ ಅದು ನಿಜವಾಗಿಯೂ ಒಳ್ಳೆಯ ಬದುಕು ಕೊಡುತ್ತದೆ.

ಪ್ಯಾರಾಫಿನ್ ಬ್ಲಾಕ್:

ಸರ್ಕಾರಿ ವಿ.ವಿ.ಯ ಕಡೆ ಮನಸ್ಸು ವಾಲಿದೆ. ಕೋರ್ಸಿನಲ್ಲಿ ನಡುವಿನ ಬೇಸಿಗೆಯಲ್ಲೂ ಪೂರ್ಣ ತರಗತಿ. 20,500 ಎರಡು ಸೆಮಿಸ್ಟರ್‌ಗೇ ಮುಗಿದರೆ ಬೇಸಿಗೆಗೆ ಏನು ಮಾಡುವುದು? ವಾರಾಂತ್ಯ ಕೆಲಸ ಸಾಧ್ಯವೇ?

ಲೆಡ್ಜರ್ ಪುಟ:

ಶಾಲೆಯ ಹಣಕಾಸು ನೆರವು ಕಚೇರಿಗೆ ಇಮೇಲ್‌ನಲ್ಲಿ ಮೂರು ಪ್ರಶ್ನೆ ಕಳಿಸಿ. ಬೇಸಿಗೆ ಅವಧಿಯನ್ನು ಹಿಂದಿನ ಶೈಕ್ಷಣಿಕ ವರ್ಷಕ್ಕೆ ಸೇರಿಸುತ್ತೀರೋ ಮುಂದಿನದಕ್ಕೋ? ವರ್ಷದ ಮಿತಿಯನ್ನು ಎರಡು ಕಂತಿನಲ್ಲಿ ಕೊಡುತ್ತೀರೋ ಮೂರರಲ್ಲೋ? ಎರಡನೇ ವರ್ಷದ ರೊಟೇಶನ್ ಊರಿನ ಬಾಡಿಗೆಗೆ ವಿದ್ಯಾರ್ಥಿ ಬಜೆಟ್ ಹೆಚ್ಚಿಸಲು ಅವಕಾಶವಿದೆಯೇ? ಬೇಸಿಗೆ ಮುಂದಿನ ವರ್ಷಕ್ಕೆ ಸೇರಿದರೆ ಆ 20,500 ಮೂರು ಅವಧಿಗೆ ಹಂಚಿಹೋಗಿ ಕೊನೆಯ ವಸಂತದಲ್ಲಿ ಕೈ ಖಾಲಿಯಾಗುತ್ತದೆ. ಉತ್ತರ ಬಂದ ಮೇಲೆ ಯಾವ ತಿಂಗಳು ಎಷ್ಟು ನಗದು ಬೇಕು ಎಂದು 24 ಸಾಲಿನ ಹಾಳೆ ಮಾಡಿ. ಒಟ್ಟು ಲೆಕ್ಕ ಸರಿಯಿದ್ದರೂ ಜನ ಸಿಕ್ಕಿಬೀಳುವುದು ಇಂಥ ಒಂದು ತಿಂಗಳಲ್ಲಿ, ಶೇಕಡಾ 12ರ ಸಾಲಕ್ಕೆ ಸಹಿ ಹಾಕುವುದೂ ಆಗಲೇ.

ಗ್ರಾಸಿಂಗ್ ಮೇಜು:

ವಾರಾಂತ್ಯದ ಕೆಲಸ ಮೊದಲ ವರ್ಷ ಗ್ರಾಸ್ ಅನಾಟಮಿ ನಡೆಯುವ ತಿಂಗಳುಗಳಲ್ಲಿ ಬೇಡವೇ ಬೇಡ. ಒಂದು ವಿಷಯದಲ್ಲಿ ಹಿಂದೆ ಬಿದ್ದು ಮುಂದಿನ ತಂಡಕ್ಕೆ ಸರಿದರೆ ಇನ್ನೊಂದು ವರ್ಷದ ಕೈಗಳಿಕೆ 55,000 ಹೋಗುತ್ತದೆ, ಗಳಿಸಿದ ನಾಲ್ಕು ಸಾವಿರ ಅದಕ್ಕೆ ಸಾಟಿಯಲ್ಲ. ಆದರೆ ಈಗಿನ ಲ್ಯಾಬ್‌ನಲ್ಲಿ ರಾಜೀನಾಮೆ ಕೊಡುವ ಬದಲು ಪರ್ ಡೀಮ್ (ಬೇಕಾದಾಗ ಮಾತ್ರ ಪಾಳಿ ಮಾಡುವವರ) ಪಟ್ಟಿಗೆ ಹೆಸರು ಬದಲಿಸಿಕೊಳ್ಳಿ. ಸೆಮಿಸ್ಟರ್ ನಡುವಿನ ರಜೆಯಲ್ಲಿ ಬೆಳಗಿನ ಜಾವದ ಎಂಬೆಡಿಂಗ್ (ಅಂಗಾಂಶವನ್ನು ಮೇಣದಲ್ಲಿ ಕೂರಿಸುವ) ಪಾಳಿ ಸಿಗುತ್ತದೆ. ಪರ್ ಡೀಮ್‌ಗೆ ತಿಂಗಳಿಗೆ ಕನಿಷ್ಠ ಎಷ್ಟು ಪಾಳಿ ಮಾಡಬೇಕು ಎಂಬ ನಿಯಮ ಮಾನವ ಸಂಪನ್ಮೂಲ ವಿಭಾಗದಿಂದ ಮೊದಲೇ ತಿಳಿದುಕೊಳ್ಳಿ, ರೊಟೇಶನ್ ತಿಂಗಳುಗಳಿಗೆ ವಿನಾಯಿತಿ ಬರಹದಲ್ಲಿ ಪಡೆಯಿರಿ.